ಇಟಾಲಿಯನ್ ಓಪನಿಂಗ್: ನಾಲ್ಕನೆಯ ನಡೆಯಲ್ಲಿ ಯಾವ ದಾರಿ ಹಿಡಿಯಬೇಕು?

“ಸರ್, ಯಾವ್ದರ ಒಂದ ಲೈನ್ ಹೇಳಿಬಿಡ್ರಿ, ಅದನ್ನ ಪಕ್ಕಾ ಮಾಡಸ್ತೀನ್ರಿ.” ಪ್ರತಿ ಭಾನುವಾರ ಚೆಸ್ ಕಲಿಯುವ ಮಗಳನ್ನು ಕರೆದುಕೊಂಡು ಗದಗಿನಿಂದ ರೈಲು ಹತ್ತಿ ಧಾರವಾಡದ ನಮ್ಮ ಮನೆಗೆ ಬರುವ ತಂದೆಯೊಬ್ಬರು ಹೋದ ತಿಂಗಳು ಕೇಳಿದ್ದು. ಮಗಳು ಎಂಟನೇ ಕ್ಲಾಸು. ಎರಡು ಮೂರು ನಡೆಯ ಲೆಕ್ಕ ತಪ್ಪುವುದಿಲ್ಲ, ಕೊನೆಯಾಟದಲ್ಲಿ ತಾಳ್ಮೆಯಿದೆ. ಆದರೆ ಮೊದಲ ಹತ್ತು ನಡೆಯಲ್ಲೇ ಗಡಿಯಾರದ ಅರ್ಧ ಹೊತ್ತು ಕಳೆದುಬಿಡುತ್ತಾಳೆ. ಆಡುವುದು ಇಟಾಲಿಯನ್ ಎಂಬ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಒಂದು ಕ್ರಮ. ಮೂರು ನಡೆ ಗೊತ್ತು, ನಾಲ್ಕನೆಯದು ಪ್ರತಿ ಸಲ ಬೇರೆ. ಒಮ್ಮೆ ಫೋನಿನಲ್ಲಿ ನೋಡಿದ, ಬೇಕೆಂದೇ ಕಾಯಿ ಬಿಟ್ಟುಕೊಡುವ ಬಲಿ, ಇನ್ನೊಮ್ಮೆ ಅಣ್ಣ ಹೇಳಿಕೊಟ್ಟ ದಾಳಿ, ಮತ್ತೊಮ್ಮೆ ಏನೂ ತೋಚದೆ ಕಾಲಾಳು ಡಿ3.

ಅವತ್ತು ನಿಂತ ನಿಲುವಿನಲ್ಲಿ ನಾನು ಉತ್ತರ ಕೊಡಲಿಲ್ಲ. ನಾಲ್ಕನೆಯ ನಡೆಯಲ್ಲಿ ಎದುರಿಗಿರುವ ದಾರಿಗಳು ಒಂದಕ್ಕಿಂತ ಒಂದು ಬೇರೆ ಬಗೆಯ ಕೆಲಸ ಕೇಳುತ್ತವೆ. ವಾರಕ್ಕೆ ಎರಡು ಮೂರು ತಾಸು ಮಾತ್ರ ಸಿಗುವ ಶಾಲೆಯ ಮಕ್ಕಳಿಗೆ, ಸಂಜೆ ಆಫೀಸು ಮುಗಿಸಿ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಾ ಫೋನಿನಲ್ಲಿ ಆಡುವ ದೊಡ್ಡವರಿಗೆ, ಆ ಕೆಲಸದ ಲೆಕ್ಕ ಮೊದಲೇ ಗೊತ್ತಿರಬೇಕು. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ.

ಬೋರ್ಡು ಹಾಸಿಕೊಂಡು ಓದಿ. ಬಿಳಿಯ ಕಡೆಯಿಂದ ನೋಡಿದಾಗ ಎಡದಿಂದ ಬಲಕ್ಕೆ ಉದ್ದ ಸಾಲುಗಳು ಎ ಇಂದ ಎಚ್, ಕೆಳಗಿನಿಂದ ಮೇಲಕ್ಕೆ ಅಡ್ಡ ಸಾಲುಗಳು 1ರಿಂದ 8; ಇ4 ಎಂದರೆ ಇ ಸಾಲಿನ ನಾಲ್ಕನೆಯ ಮನೆ. ಕಾಯಿಯ ಹೆಸರಿಲ್ಲದೆ ಮನೆ ಮಾತ್ರ ಹೇಳಿದರೆ ಅದು ಕಾಲಾಳಿನ ನಡೆ. ಬಿಳಿಯ ಕಾಲಾಳು ಇ4, ಕಪ್ಪಿನ ಕಾಲಾಳು ಇ5. ಬಿಳಿಯ ಕುದುರೆ ಎಫ್3, ಕಪ್ಪಿನ ಕುದುರೆ ಸಿ6. ಬಿಳಿಯ ಒಂಟೆ ಸಿ4. ಇಷ್ಟಕ್ಕೆ ಇಟಾಲಿಯನ್ ಆಯಿತು. ಆ ಒಂಟೆಯ ಕಣ್ಣು ಎಫ್7ರ ಮೇಲೆ. ಆಟದ ಆರಂಭದಲ್ಲಿ ರಾಜನೊಬ್ಬನೇ ಕಾಯುವ ಮನೆ ಅದು. ಈಗ ಕಪ್ಪು ಬಹುಮಟ್ಟಿಗೆ ಎರಡರಲ್ಲಿ ಒಂದನ್ನು ಆಡುತ್ತದೆ: ಒಂಟೆ ಸಿ5, ಇಲ್ಲವೇ ಕುದುರೆ ಎಫ್6. ಮೊದಲನೆಯದಕ್ಕೆ ಜುವೊಕೊ ಪಿಯಾನೊ ಎನ್ನುತ್ತಾರೆ, ಇಟಾಲಿಯನ್ ಭಾಷೆಯಲ್ಲಿ ‘ಶಾಂತ ಆಟ’ ಎಂದರ್ಥ. ಎರಡನೆಯದು ಟೂ ನೈಟ್ಸ್, ಅಂದರೆ ಎರಡು ಕುದುರೆಯ ರಕ್ಷಣೆ. 1600ರ ಆಚೀಚೆ ಇಟಲಿಯ ಆಟಗಾರರು ಇವನ್ನು ಚೆನ್ನಾಗಿ ಬಲ್ಲವರಾಗಿದ್ದರು; 1620ರ ಸುಮಾರಿಗೆ ಇಟಲಿಯ ಆಟಗಾರ ಗ್ರೆಕೊ ಬರೆದಿಟ್ಟ ಹಸ್ತಪ್ರತಿಗಳಲ್ಲಿನ ಬಲೆಗಳು ಇವತ್ತಿಗೂ ನಮ್ಮ ಶಾಲಾ ಹಾಲುಗಳ ಟೂರ್ನಿಗಳಲ್ಲಿ ಮಕ್ಕಳನ್ನು ಹಿಡಿಯುತ್ತಿವೆ.

ಸ್ಪ್ಯಾನಿಷ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಒಂಟೆಯನ್ನು ಸಿ4ಕ್ಕೆ ತರುವ ಬದಲು ಬಿ5ಕ್ಕೆ ತಂದರೆ ಅದು ರುಯ್ ಲೋಪೆಜ್, 1561ರಲ್ಲಿ ಪುಸ್ತಕ ಬರೆದ ಸ್ಪೇನಿನ ಪಾದ್ರಿಯ ಹೆಸರಿನದು. ಬಹಳ ದೊಡ್ಡ ಓಪನಿಂಗ್, ನನಗೆ ಅದರ ಮೇಲೆ ಪ್ರೀತಿಯಿದೆ. ಆದರೆ ಕಪ್ಪು ಅಲ್ಲಿ ಬರ್ಲಿನ್ ಎಂಬ ರಕ್ಷಣೆ ಆಡಬಹುದು, ಮಾರ್ಷಲ್ ದಾಳಿ ಮಾಡಬಹುದು, ಇ4 ಹೊಡೆದು ಓಪನ್ ಲೋಪೆಜ್‌ಗೆ ಹೋಗಬಹುದು. ಒಂದೊಂದಕ್ಕೂ ಬೇರೆ ಪಾಠ. 2000ದಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್ ಪಟ್ಟದ ಆಟಗಳಲ್ಲಿ ಕ್ರಾಮ್ನಿಕ್ ಈ ಬರ್ಲಿನ್ ಗೋಡೆ ಕಟ್ಟಿ ಆಗಿನ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನೇ ತಡೆದು ನಿಲ್ಲಿಸಿದ ಮೇಲೆ ದೊಡ್ಡ ಆಟಗಾರರೂ ನಿಧಾನವಾಗಿ ಇಟಾಲಿಯನ್ ಕಡೆ ತಿರುಗಿದರು. 2016ರ ವಿಶ್ವ ಚಾಂಪಿಯನ್‌ಷಿಪ್‌ನ ಐದನೆಯ ಆಟದಲ್ಲಿ ಆಗಿನ ಚಾಂಪಿಯನ್ ಕಾರ್ಲ್‌ಸನ್ ಆಡಿದ್ದು ಇಟಾಲಿಯನ್. ಹಾಗಾಗಿ ಇದು ಮಕ್ಕಳ ಓಪನಿಂಗ್, ಮುಂದೆ ಬಿಡಬೇಕಾಗುತ್ತದೆ ಎಂಬ ಭಯ ಬೇಡ.

ಈಗ ಒಂಟೆ ಸಿ5 ಬಂದಿದೆ ಅಂದುಕೊಳ್ಳಿ. ನಮ್ಮ ಕಡೆಯ ಮಕ್ಕಳಲ್ಲಿ ಹೆಚ್ಚಿನವರು ಆಡುವುದು ಇದನ್ನೇ.

ನಾನು ಮೊದಲು ಕಲಿಸುವ ದಾರಿ ಕಾಲಾಳು ಸಿ3. ಕಪ್ಪು ಕುದುರೆಯನ್ನು ಎಫ್6ಕ್ಕೆ ತಂದ ಕೂಡಲೇ ಕಾಲಾಳು ಡಿ4. ಕಪ್ಪು ಡಿ4ರಲ್ಲಿ ಹೊಡೆಯುತ್ತದೆ, ಬಿಳಿ ಸಿ ಕಾಲಾಳಿನಿಂದ ಮತ್ತೆ ಹೊಡೆಯುತ್ತದೆ. ಬೋರ್ಡಿನ ನಟ್ಟನಡುವೆ ಬಿಳಿಯ ಎರಡು ಕಾಲಾಳು ಅಕ್ಕಪಕ್ಕ ನಿಂತಿವೆ. ಇದನ್ನು ನೋಡಿದ ಮಗುವಿಗೆ ‘ನಡುಭಾಗ’ ಅಂದರೆ ಏನು ಎಂದು ಬಾಯಿಯಲ್ಲಿ ಹೇಳಬೇಕಾಗಿಲ್ಲ. ಕಪ್ಪು ಹೆದರಿ ಒಂಟೆಯನ್ನು ಬಿ6ಕ್ಕೆ ತೆಗೆದರೆ ಡಿ5, ಆಮೇಲೆ ಇ5. ಕಪ್ಪಿನ ಕುದುರೆಗಳಿಗೆ ನಿಲ್ಲಲು ನೆಲೆಯಿಲ್ಲ. ಸರಿಯಾದ ಉತ್ತರ ಒಂಟೆ ಬಿ4, ಚೆಕ್. ಇಲ್ಲಿ ದಾರಿ ಎರಡಾಗುತ್ತದೆ.

ಒಂದು, ಒಂಟೆ ಡಿ2. ಕಪ್ಪು ಒಂಟೆ ಹೊಡೆದು, ಬಿಳಿಯ ಕುದುರೆ ಬಿ1ರಿಂದ ಬಂದು ಹೊಡೆದ ಮೇಲೆ, ಕಪ್ಪು ಡಿ5 ಆಡಲೇಬೇಕು. ಬಿಳಿ ಅದನ್ನು ಹೊಡೆಯುತ್ತದೆ, ಕಪ್ಪಿನ ಕುದುರೆ ಡಿ5ರಲ್ಲಿ ಬಂದು ಕೂಡುತ್ತದೆ. ಬಿಳಿಯ ಡಿ4 ಕಾಲಾಳಿಗೆ ಈಗ ಎಡಕ್ಕೂ ಬಲಕ್ಕೂ ಜೊತೆಗಾರನಿಲ್ಲ. ಕೊನೆಯಾಟ ಬಂದರೆ ಅದು ಭಾರ, ಅಷ್ಟರವರೆಗೆ ಅದೇ ಬಲ. ಸಿ ಮತ್ತು ಇ ಸಾಲು ಆನೆಗಳಿಗೆ ತೆರೆದಿವೆ, ಇ5 ಮನೆ ಕುದುರೆಗೆ ಸಿಕ್ಕಿದೆ, ರಾಣಿ ಬಿ3ಕ್ಕೆ ಬಂದರೆ ಡಿ5ರ ಕುದುರೆಗೆ ಕಿರಿಕಿರಿ. ಒಂಟೆ ಡಿ2 ಆಡಿದಾಗ ಕಪ್ಪಿನ ಕುದುರೆ ಇ4 ಹೊಡೆದರೆ ಏನು ಮಾಡುವುದು ಎಂದು ಎಲ್ಲ ಮಕ್ಕಳೂ ಕೇಳುತ್ತಾರೆ. ಒಂಟೆ ಬಿ4ರಲ್ಲಿ ಹೊಡೆಯಲಿ, ಕುದುರೆ ಬಂದು ಅದನ್ನು ಹೊಡೆಯಲಿ. ಆಗ ಒಂಟೆ ಎಫ್7ರಲ್ಲಿ ಹೊಡೆದು ಚೆಕ್, ರಾಜ ಹೊಡೆದರೆ ರಾಣಿ ಬಿ3 ಚೆಕ್. ಬಿ4ರ ಕುದುರೆ ತಪ್ಪಿಸಿಕೊಳ್ಳಲು ಹೊತ್ತಿಲ್ಲ, ಕಾಯಿ ವಾಪಸ್ ಬರುತ್ತದೆ, ಕಪ್ಪಿನ ರಾಜ ಮನೆ ಬಿಟ್ಟು ಹೊರಗೆ. ಕಪ್ಪು ಸರಿಯಾಗಿ ಆಡಿದರೆ ಅದಕ್ಕೂ ಆಟವಿದೆ, ಆದರೆ ಹನ್ನೆರಡು ವರ್ಷದ ಎದುರಾಳಿ ಅಲ್ಲಿ ಸಲೀಸಾಗಿ ಕೂಡುವುದಿಲ್ಲ.

ಎರಡನೆಯದು, ಕುದುರೆ ಸಿ3. ಇ4ರ ಕಾಲಾಳನ್ನು ಬಿಟ್ಟುಕೊಟ್ಟು ದಾಳಿಗೆ ಹೋಗುವ ದಾರಿ. ಕಪ್ಪು ಆಸೆಬುರುಕತನದಿಂದ ಇ4 ಹೊಡೆದು, ಕುದುರೆಯಿಂದ ಸಿ3 ಹೊಡೆದು, ಒಂಟೆಯಿಂದ ಮತ್ತೆ ಸಿ3 ಹೊಡೆದು, ಕೊನೆಗೆ ಎ1ರ ಆನೆಯನ್ನೂ ನುಂಗಿದರೆ, ಬಿಳಿಯ ರಾಣಿ ಬಿ3ರಲ್ಲಿ, ಒಂಟೆ ಎಫ್7ರಲ್ಲಿ ಕೂತು ರಾಜನನ್ನು ಬೇಟೆಯಾಡುತ್ತವೆ. ಗ್ರೆಕೊ ತೋರಿಸಿದ್ದು ಇದನ್ನೇ. ನೋಡಲು ಎಷ್ಟು ಚೆಂದವೆಂದರೆ, ಕಲಿತ ಮಗು ಮರುದಿನವೇ ಆಡಲು ಓಡುತ್ತದೆ. ಆದರೆ ಕಪ್ಪು ಇ4 ಹೊಡೆದು, ಬಿಳಿ ಕ್ಯಾಸ್ಲಿಂಗ್ ಮಾಡಿದ (ರಾಜನನ್ನು ಆನೆಯ ಕಡೆ ಎರಡು ಮನೆ ಸರಿಸಿ, ಆನೆಯನ್ನು ಅವನಾಚೆಯ ಪಕ್ಕಕ್ಕೆ ತಂದ) ಮೇಲೆ, ಕುದುರೆಯಿಂದಲ್ಲ, ಒಂಟೆಯಿಂದ ಸಿ3 ಹೊಡೆದರೆ? ಬಿಳಿ ಡಿ5 ಆಡುತ್ತದೆ, ಕಪ್ಪಿನ ಒಂಟೆ ಎಫ್6ಕ್ಕೆ ಹಿಂದೆ ಬರುತ್ತದೆ, ಬಿಳಿಗೆ ದಾಳಿಯೂ ಇಲ್ಲ, ಹೆಚ್ಚಿನ ಕಾಲಾಳೂ ಇಲ್ಲ. ತಯಾರಾದ ಎದುರಾಳಿಯ ಮುಂದೆ ಈ ದಾರಿ ಅಷ್ಟಕ್ಕೇ ನಿಂತುಬಿಡುತ್ತದೆ. ಹೀಗಾಗಿ ನಾನು ಕುದುರೆ ಸಿ3ನ್ನು ನೋಡಿ ಕಲಿಯಲು ಕೊಡುತ್ತೇನೆ, ಟೂರ್ನಿಯಲ್ಲಿ ಆಡಲು ಒಂಟೆ ಡಿ2.

ನೋಡಿ ಕಲಿಯುವುದಾದರೆ ಒಂದು ಆಟವನ್ನಂತೂ ಬೋರ್ಡಿನ ಮೇಲೆ ಕೈಯಾರೆ ಆಡಿ ನೋಡಬೇಕು: 1895ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಅವರು ಫಾನ್ ಬಾರ್ಡೆಲೆಬೆನ್ ವಿರುದ್ಧ ಆಡಿದ್ದು. ಇದೇ ಸಿ3, ಡಿ4, ಕುದುರೆ ಸಿ3. ಕಪ್ಪಿನ ರಾಜ ಇ ಸಾಲಿನಲ್ಲಿ ಸಿಕ್ಕಿಕೊಂಡು ಕ್ಯಾಸ್ಲಿಂಗ್ ಮಾಡಲಾಗದೆ ಉಳಿದಾಗ, ಹದಿನೇಳನೆಯ ನಡೆಯಲ್ಲಿ ಸ್ಟೈನಿಟ್ಜ್ ಜೊತೆಯಿಲ್ಲದ ಆ ಡಿ ಕಾಲಾಳನ್ನೇ ಡಿ5ಕ್ಕೆ ನೂಕಿ ಬಲಿ ಕೊಟ್ಟರು. ಯಾಕೆ? ಕಾಲಾಳು ಸರಿದ ಡಿ4 ಮನೆಗೆ ಕುದುರೆ ಬರಬೇಕಿತ್ತು, ಅಲ್ಲಿಂದ ಇ6ಕ್ಕೆ. ಭಾರವೆಂದು ಎಲ್ಲರೂ ಹೇಳುವ ಕಾಲಾಳು ದಾರಿ ಬಿಟ್ಟುಕೊಟ್ಟು ಆಟ ಗೆದ್ದುಕೊಟ್ಟಿತು. ಸೋಲು ಖಚಿತವಾದಾಗ ಬಾರ್ಡೆಲೆಬೆನ್ ಮಾತಾಡದೆ ಹಾಲಿನಿಂದ ಎದ್ದು ಹೋದರು. ಗದಗಿನ ಹುಡುಗಿ ಆ ಡಿ5 ನಡೆಯನ್ನು ತಾನೇ ಹುಡುಕಲು ಇಪ್ಪತ್ತು ನಿಮಿಷ ಕೂತಿದ್ದಳು. ಸಿಕ್ಕಿದಾಗ ಅವಳ ಮುಖ ನೋಡಿದ ನನಗೆ ಅವತ್ತಿನ ಪಾಠ ಮುಗಿಯಿತು ಅನ್ನಿಸಿತು.

ಇನ್ನೊಂದು ದೊಡ್ಡ ದಾರಿ ಡಿ3. ಸಿ3 ಆಡಿ, ಡಿ4ಕ್ಕೆ ನುಗ್ಗದೆ ಒಂದೇ ಹೆಜ್ಜೆ ಇಡುವುದು. ಇದಕ್ಕೆ ಪಿಯಾನಿಸ್ಸಿಮೊ, ‘ಅತಿ ಶಾಂತ’ ಎಂಬ ಹೆಸರಿದೆ. ನಮ್ಮ ತಂದೆ ನನಗೆ ಕಲಿಸಿದ್ದು ಹಳೆಯ ಕ್ರಮದ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು, ಹಾಗಾಗಿ ಕಾಯಿಗಳು ಮುಖಾಮುಖಿ ಆಗುವಷ್ಟರಲ್ಲಿ ಒಂದು ಕಪ್ ಚಹಾ ಮುಗಿದಿರುತ್ತಿತ್ತು. ಡಿ3 ಇಟಾಲಿಯನ್ ಆಡುವಾಗ ನನಗೆ ಆ ಪಡಸಾಲೆ ನೆನಪಾಗುತ್ತದೆ.

ಶಾಂತವೆಂದರೆ ಸುಲಭವಲ್ಲ. ನಮ್ಮ ಹಿಂಗಾರಿ ಜೋಳದ ಹೊಲ ನೋಡಿದವರಿಗೆ ಇದು ಅರ್ಥವಾಗುತ್ತದೆ: ಮೇಲೆ ಮಳೆ ಕಾಣುವುದಿಲ್ಲ, ಕರಿಮಣ್ಣು ಹಿಡಿದಿಟ್ಟ ತೇವದ ಮೇಲೆ ತೆನೆ ಬರುತ್ತದೆ. ಇಲ್ಲಿಯೂ ಕೆಲಸ ಒಳಗೇ ನಡೆಯುತ್ತದೆ. ಬಿಳಿ ಕ್ಯಾಸ್ಲಿಂಗ್ ಮಾಡುತ್ತದೆ, ಆನೆ ಇ1ಕ್ಕೆ, ಬಿ1ರ ಕುದುರೆ ಡಿ2ಕ್ಕೆ, ಅಲ್ಲಿಂದ ಎಫ್1ಕ್ಕೆ, ಅಲ್ಲಿಂದ ಜಿ3ಕ್ಕೆ. ಒಂದೇ ಕುದುರೆಗೆ ಮೂರು ನಡೆ! ನಡುಭಾಗ ಮುಚ್ಚಿರುವುದರಿಂದ ಆ ಬಿಡುವು ಸಿಗುತ್ತದೆ. ಜಿ3ರಿಂದ ಅದು ಎಫ್5ರ ಕಡೆ ನೋಡುತ್ತದೆ. ಎಲ್ಲ ಸಿದ್ಧವಾದ ಮೇಲೆ ಡಿ4. ಅತ್ತ ಕಪ್ಪು ಡಿ6 ಆಡಿ, ಎ6 ಆಡಿ, ಒಂಟೆಯನ್ನು ಎ7ಕ್ಕೆ ಸರಿಸಿಕೊಳ್ಳುತ್ತದೆ. ಬಿಳಿ ಡಿ4 ಆಡಿದಾಗ ಆ ಒಂಟೆಗೆ ಪೆಟ್ಟು ಬೀಳಬಾರದು, ಅದಕ್ಕೆ. ಕಪ್ಪಿನ ಕನಸು ಕೂಡ ಡಿ5. ಯಾರು ತಮ್ಮ ಡಿ ಕಾಲಾಳನ್ನು ಸರಿಯಾದ ಹೊತ್ತಿಗೆ ನೂಕುತ್ತಾರೆ ಎಂಬುದರ ಮೇಲೆಯೇ ಆಟ ನಿಂತಿರುತ್ತದೆ.

ಡಿ3 ದಾರಿಯಲ್ಲಿ ನಮ್ಮ ಮಕ್ಕಳು ಮಾಡುವ ತಪ್ಪು ಒಂದೇ ಬಗೆಯದು, ಹಾವೇರಿಯ ಮಕ್ಕಳಲ್ಲೂ ಹುಬ್ಬಳ್ಳಿಯ ಮಕ್ಕಳಲ್ಲೂ ಅದನ್ನೇ ನೋಡಿದ್ದೇನೆ. ಸಿ3ಕ್ಕೆ ಕಾಲಾಳಿನ ಬದಲು ಕುದುರೆಯನ್ನು ತಂದುಬಿಡುತ್ತಾರೆ. ಕಪ್ಪೂ ಅದನ್ನೇ ಮಾಡುತ್ತದೆ. ಎರಡೂ ಕಡೆ ಕುದುರೆ ಎರಡು, ಒಂಟೆ ಒಂದು, ಡಿ ಕಾಲಾಳು ಒಂದು ಹೆಜ್ಜೆ. ಕನ್ನಡಿ ಹಿಡಿದ ಹಾಗೆ. ಸಿ ಕಾಲಾಳಿಗೆ ತಮ್ಮದೇ ಕುದುರೆ ಅಡ್ಡ, ಹಾಗಾಗಿ ಡಿ4ಕ್ಕೆ ಬೆಂಬಲ ಬರುವುದೇ ಇಲ್ಲ. ಆಟ ಬತ್ತಿಹೋಗುತ್ತದೆ, ಆಮೇಲೆ ಯಾರೋ ಒಬ್ಬರು ಕಾಯಿ ಸುಮ್ಮನೆ ಕಳೆದುಕೊಂಡು ಸೋಲುತ್ತಾರೆ. ಡಿ3 ಆಡುವವರು ಸಿ3ರಲ್ಲಿ ಕಾಲಾಳನ್ನೇ ಇಡಲಿ; ಈ ಒಂದು ಅಭ್ಯಾಸದಿಂದ ಅರ್ಧ ಓಪನಿಂಗ್ ತಿಳಿದಂತೆ. ಇನ್ನೊಂದು ಎಚ್ಚರ: ಕಪ್ಪು ಇನ್ನೂ ಕ್ಯಾಸ್ಲಿಂಗ್ ಮಾಡದಿರುವಾಗ, ನೀವು ಮಾಡಿ ಕೂತು, ಒಂಟೆಯನ್ನು ಜಿ5ಕ್ಕೆ ತಂದು ಕುದುರೆ ಕಟ್ಟಿಹಾಕಲು ಹೋಗಬೇಡಿ. ಎಚ್6, ಆಮೇಲೆ ಜಿ5 ಎಂದು ಕಾಲಾಳುಗಳು ನಿಮ್ಮ ರಾಜನ ಮೇಲೆಯೇ ಓಡಿ ಬರುತ್ತವೆ.

ಡಿ4, ಡಿ3 ಎಂಬ ಈ ಎರಡು ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಟೂ ನೈಟ್ಸ್ ಬಂದಾಗ ಗೊತ್ತಾಗುತ್ತದೆ. ಕಪ್ಪು ಮೂರನೆಯ ನಡೆಯಲ್ಲಿ ಒಂಟೆ ಬಿಟ್ಟು ಕುದುರೆ ಎಫ್6 ಆಡಿದರೆ, ಡಿ3 ಆಡುವವರಿಗೆ ಚಿಂತೆಯಿಲ್ಲ. ಅಲ್ಲಿಯೂ ಡಿ3, ಆಮೇಲೆ ಸಿ3, ಅದೇ ಕುದುರೆಯ ಪಯಣ. ಒಂದು ಪಾಠ, ಎರಡು ಉತ್ತರ. ಡಿ4ರ ಬಿರುಸಿನ ಆಟ ಆಡುವವರು ಮಾತ್ರ ಇನ್ನೊಂದು ಪಾಠ ಕಲಿಯಲೇಬೇಕು: ನಾಲ್ಕನೆಯ ನಡೆಯಲ್ಲೇ ಡಿ4, ಕಪ್ಪು ಹೊಡೆದ ಮೇಲೆ ಕ್ಯಾಸ್ಲಿಂಗ್, ಕಪ್ಪು ಇ4 ಹೊಡೆದರೆ ಆನೆ ಇ1, ಕಪ್ಪು ಡಿ5 ಆಡಿದರೆ ಒಂಟೆ ಡಿ5ರಲ್ಲಿ ಬಲಿ, ರಾಣಿ ಹೊಡೆದಾಗ ಕುದುರೆ ಸಿ3! ಡಿ4ರ ಕಾಲಾಳು ಆ ಕುದುರೆಯನ್ನು ಹೊಡೆದರೆ ಬಿಳಿಯ ರಾಣಿ ಡಿ5ರ ರಾಣಿಯನ್ನು ಹೊಡೆಯುತ್ತದೆ; ಇ4ರ ಕುದುರೆ ಇ ಸಾಲಿನಲ್ಲಿ ರಾಜನಿಗೆ ಕಟ್ಟುಬಿದ್ದಿದೆ, ಅದು ಅಲುಗಾಡುವಂತಿಲ್ಲ. ಬಿಳಿ ಕೊಟ್ಟ ಕಾಯಿ ತಿರುಗಿ ಬರುತ್ತದೆ. ಈ ಸಾಲನ್ನು ನಾನು ಎಷ್ಟು ಸಲ ತೋರಿಸಿದರೂ ನನಗೆ ಬೇಸರ ಬಂದಿಲ್ಲ. ಆದರೆ ಓದುವ ಹೊರೆ ಹೆಚ್ಚು ಎಂಬುದು ನಿಜ.

ಟೂ ನೈಟ್ಸ್‌ನಲ್ಲಿ ಮಕ್ಕಳ ಮೆಚ್ಚಿನದು ಕುದುರೆ ಜಿ5, ಎಫ್7ರ ಮೇಲೆ ಇಬ್ಬರ ದಾಳಿ. ಕಪ್ಪು ಡಿ5 ಆಡಿ, ಬಿಳಿ ಹೊಡೆದಾಗ ಕುದುರೆಯಿಂದ ಡಿ5 ಹೊಡೆದರೆ, ಬಿಳಿಯ ಕುದುರೆ ಎಫ್7ರಲ್ಲಿ ಬಲಿಯಾಗಿ ರಾಜನನ್ನು ಬಯಲಿಗೆಳೆಯುತ್ತದೆ. ಫ್ರೈಡ್ ಲಿವರ್ ಎಂದು ಹೆಸರಾದ ದಾಳಿ ಇದು. ಫೋನಿನಲ್ಲಿ ಐದು ನಿಮಿಷದ ಆಟಗಳಲ್ಲಿ ಗೆಲುವಿನ ಮೇಲೆ ಗೆಲುವು. ನಾನೂ ಕಾಲೇಜು ದಿನಗಳಲ್ಲಿ ಇದನ್ನೊಂದನ್ನೇ ನಂಬಿ ಹುಬ್ಬಳ್ಳಿಯ ಒಂದು ಟೂರ್ನಿಗೆ ಹೋದೆ. ಎದುರಾಳಿ ಡಿ5 ಹೊಡೆಯಲೇ ಇಲ್ಲ, ಕುದುರೆಯನ್ನು ಎ5ಕ್ಕೆ ತಂದ. ಒಂಟೆ ಬಿ5 ಚೆಕ್, ಸಿ6, ನಾನು ಹೊಡೆದೆ, ಅವನು ಹೊಡೆದ, ನನ್ನ ಒಂಟೆ ಹಿಂದೆ ಓಡಿತು, ಎಚ್6 ಬಂತು, ಕುದುರೆಯೂ ಓಡಿತು, ಇ4 ಬಂತು, ಮತ್ತೆ ಓಡಿತು. ಒಂದು ಕಾಲಾಳು ನನಗೆ ಹೆಚ್ಚಿತ್ತು, ಅವನ ಎಲ್ಲ ಕಾಯಿ ಹೊರಗಿದ್ದವು, ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಆ ಸೋಲಿನಿಂದ ಏನು ಕಲಿಯಬೇಕು ಎಂಬುದೂ ವರ್ಷಗಟ್ಟಲೆ ತಿಳಿಯಲಿಲ್ಲ. ಕುದುರೆ ಜಿ5 ಕೆಟ್ಟ ನಡೆಯಲ್ಲ, ಗ್ರ್ಯಾಂಡ್‌ಮಾಸ್ಟರ್‌ಗಳೂ ಆಡುತ್ತಾರೆ. ಆದರೆ ಅದು ಕಾಲಾಳು ಹಿಡಿದು ರಕ್ಷಣೆ ಮಾಡುವವರ ಆಟ, ದಾಳಿ ಬಯಸುವವರಿಗೆ ದಾಳಿ ಸಿಗುವುದಿಲ್ಲ. ಹೊಸಬರು ಇದನ್ನು ಕಪ್ಪಿನ ಕಡೆಯಿಂದ ಚೆನ್ನಾಗಿ ಕಲಿಯಲಿ. ಕುದುರೆ ಎ5 ಎಂಬ ಒಂದು ನಡೆ ನೆನಪಿದ್ದರೆ ಬಹಳ ಆಟ ಉಳಿಯುತ್ತವೆ.

ಎವಾನ್ಸ್ ಗ್ಯಾಂಬಿಟ್ ಬಗ್ಗೆ ಹೇಳದೆ ಇರಲಾರೆ. ಒಂಟೆ ಸಿ5 ಬಂದಾಗ ಬಿಳಿ ಕಾಲಾಳು ಬಿ4 ಆಡಿ ಅದನ್ನು ಸುಮ್ಮನೆ ಕೊಡುತ್ತದೆ. ಒಂಟೆ ಹೊಡೆದರೆ ಸಿ3, ಒಂಟೆ ಓಡಬೇಕು, ಡಿ4. ಒಂದು ಕಾಲಾಳಿನ ಬೆಲೆಗೆ ಹೊತ್ತು ಮತ್ತು ನಡುಭಾಗ. ವೇಲ್ಸ್‌ನ ಹಡಗಿನ ಕ್ಯಾಪ್ಟನ್ ವಿಲಿಯಂ ಡೇವಿಸ್ ಎವಾನ್ಸ್ 1820ರ ದಶಕದಲ್ಲಿ ಕಂಡುಕೊಂಡದ್ದು. 1852ರಲ್ಲಿ ಬರ್ಲಿನ್‌ನಲ್ಲಿ ಜರ್ಮನಿಯ ಆಂಡರ್ಸನ್ ಆಡಿದ, ‘ಎವರ್‌ಗ್ರೀನ್’ ಎಂದು ಹೆಸರಾದ ಆಟ ಇದೇ ಗ್ಯಾಂಬಿಟ್‌ನದು. 1995ರಲ್ಲಿ ರೀಗಾದಲ್ಲಿ ಕ್ಯಾಸ್ಪರೋವ್ ಇದನ್ನು ನಮ್ಮ ಆನಂದ್ ವಿರುದ್ಧ ಹೊರತೆಗೆದು 25 ನಡೆಯಲ್ಲಿ ಮುಗಿಸಿದರು. ಇಂಥ ಆಟ ಆಡಿದವರಿಗೆ ಹೊತ್ತಿನ ಬೆಲೆ ತಿಳಿಯುತ್ತದೆ. ಆದರೆ ವಿಶ್ವ ಚಾಂಪಿಯನ್ ಆಗಿದ್ದ ಲಾಸ್ಕರ್ ತೋರಿಸಿದ ಉತ್ತರ ಗೊತ್ತಿರುವ ಎದುರಾಳಿ ಡಿ6 ಆಡಿ, ಒಂಟೆಯನ್ನು ಬಿ6ಕ್ಕೆ ಸರಿಸಿ, ಪಡೆದ ಕಾಲಾಳನ್ನು ಶಾಂತವಾಗಿ ವಾಪಸ್ ಕೊಡುತ್ತಾನೆ. ರಾಣಿಗಳು ಬೋರ್ಡಿನಿಂದ ಹೋಗುತ್ತವೆ, ಬಿಳಿಯ ಎಡಭಾಗದ ಕಾಲಾಳುಗಳು ಚದುರಿ ಉಳಿಯುತ್ತವೆ. ದಾಳಿಗೆಂದು ಕೂತವರಿಗೆ ಬೇಸರದ ಕೊನೆಯಾಟ. ಹೀಗಾಗಿ ಒಂದು ತಾಸಿನ ಒಳಗೆ ಮುಗಿಯುವ ರ‍್ಯಾಪಿಡ್ ಆಟಗಳಲ್ಲಿ, ಗೆಳೆಯರ ನಡುವೆ, ಎವಾನ್ಸ್ ಆಡಿ. ರೇಟಿಂಗ್ ಅಂಕಕ್ಕಾಗಿ ಆಡುವ ತೊಂಬತ್ತು ನಿಮಿಷದ ಆಟದಲ್ಲಿ ನಿಮ್ಮ ಮುಖ್ಯ ಆಯುಧವಾಗಿ ಬೇಡ.

ಕಪ್ಪಿನ ಕಡೆ ಕೂತಾಗ? ಡಿ4ರ ದಾಳಿ ಎಂದರೆ ಹೆದರಿಕೆಯಿಲ್ಲದವರು, ಒಂಟೆ ಬಿ4 ಚೆಕ್ ಮತ್ತು ಕಾಲಾಳು ಡಿ5 ಎಂಬ ಎರಡು ನಡೆ ಮರೆಯದವರು ಒಂಟೆ ಸಿ5 ಆಡಲಿ. ಕಾಲಾಳು ಬಿಟ್ಟು ಆಟ ಹಿಡಿಯುವ ಧೈರ್ಯವಿದ್ದವರಿಗೆ ಕುದುರೆ ಎಫ್6. ಮೂರನೆಯ ನಡೆಯಲ್ಲಿ ಕುದುರೆಯನ್ನು ಡಿ4ಕ್ಕೆ ತಂದು, ಇ5ರ ಕಾಲಾಳಿನ ಆಸೆ ತೋರಿಸಿ ಬಲೆ ಹಾಕುವ ನಡೆ ಫೋನಿನಲ್ಲಿ ಈಗ ಬಹಳ ಓಡುತ್ತಿದೆ. ಬಿಳಿ ಆ ಕಾಲಾಳನ್ನು ಕುದುರೆಯಿಂದ ಹೊಡೆದರೆ ರಾಣಿ ಜಿ5. ಬಿಳಿ ಡಿ4ರ ಕುದುರೆಯನ್ನು ಹೊಡೆದುಬಿಟ್ಟರೆ ಬಲೆ ಹರಿಯಿತು. ಅದನ್ನು ಕಲಿಯಲು ಒಂದು ಸಂಜೆಯನ್ನೂ ಕಳೆಯಬೇಡಿ.

ಗದಗಿನ ತಂದೆಗೆ ನಾನು ಕೊನೆಗೆ ಹೇಳಿದ್ದು ಇದು: ಮೊದಲ ಆರು ತಿಂಗಳು ಸಿ3, ಡಿ4, ಒಂಟೆ ಡಿ2, ಜೊತೆಗೆ ಟೂ ನೈಟ್ಸ್‌ಗೆ ಡಿ4. ಈ ದಾರಿಯಲ್ಲಿ ಸೋತರೆ ಯಾಕೆ ಸೋತೆ ಎಂದು ಮಗುವಿಗೇ ಕಾಣುತ್ತದೆ: ಕಾಲಾಳು ಹೋಯಿತು, ಸಾಲು ಬಿಟ್ಟುಕೊಟ್ಟೆ, ಕಾಯಿ ಹೊರಗೆ ತರಲಿಲ್ಲ. ಡಿ3ರಲ್ಲಿ ಸೋತ ಆಟದ ತಪ್ಪು ಹದಿನೈದು ನಡೆ ಹಿಂದೆ ಎಲ್ಲೋ ಅಡಗಿರುತ್ತದೆ, ಅದನ್ನು ಹುಡುಕಲು ಕಲಿಸುವವರು ಪಕ್ಕದಲ್ಲಿರಬೇಕು. ಆಮೇಲಿನ ವರ್ಷ ಡಿ3ಕ್ಕೆ ಬರಲಿ, ಆಗ ಡಿ4 ನೂಕುವ ಹೊತ್ತು ಅವಳಿಗೆ ಕೈಯಲ್ಲೇ ಗೊತ್ತಿರುತ್ತದೆ. ಮುಂದೆ ರುಯ್ ಲೋಪೆಜ್ ಬೇಕೆನ್ನಿಸಿದರೂ ಸಿ3, ಆನೆ ಇ1, ಕುದುರೆ ಡಿ2, ಎಫ್1, ಜಿ3 ಅಲ್ಲಿಯೂ ಅವೇ. ದಿನಾ ಆಫೀಸಿನಿಂದ ದಣಿದು ಬರುವ, ಹೊಸ ಸಾಲು ಕಂಠಪಾಠ ಮಾಡಲು ಮನಸ್ಸಿಲ್ಲದ ದೊಡ್ಡವರಾದರೆ ನನ್ನ ಸಲಹೆ ತಿರುಗಿ ನಿಲ್ಲುತ್ತದೆ: ನೇರವಾಗಿ ಡಿ3 ಹಿಡಿಯಿರಿ. ಚೆಸ್ ಜಾಲತಾಣವಾದ ಲಿಚೆಸ್‌ನಲ್ಲಿ ದುಡ್ಡಿಲ್ಲದೆ ‘ಸ್ಟಡಿ’, ಅಂದರೆ ನಡೆಗಳನ್ನು ಬರೆದಿಡುವ ಪುಟ, ತೆರೆಯಬಹುದು. ನೀವು ಆಡಿದ ಆಟಗಳನ್ನಷ್ಟೇ ಅದರಲ್ಲಿ ಸೇರಿಸುತ್ತಾ ಹೋಗಿ, ಬೇರೆಯವರ ನೂರು ಸಾಲು ಬೇಡ.

ಹೋದ ಭಾನುವಾರ ಅವರು ಮತ್ತೊಂದು ಕೇಳಿದರು. “ಸರ್, ಎದುರಿನವರು ಇ5 ಆಡದs ಸಿ5 ಆಡಿದ್ರ ಏನ್ ಮಾಡೂದ್ರಿ? ಆರು ತಿಂಗಳ ಕಲ್ತದ್ದೆಲ್ಲಾ ಹೋತಲ್ರಿ.” ಹುಡುಗಿಯೇ ಉತ್ತರ ಕೊಟ್ಟಳು. ಆ ಸಿ5ಕ್ಕೆ, ಅಂದರೆ ಸಿಸಿಲಿಯನ್‌ಗೆ ಎರಡನೆಯ ನಡೆಯಲ್ಲೇ ಸಿ3 ಆಡುವ ಅಲಾಪಿನ್ ಎಂಬ ದಾರಿಯಿದೆ, ಕಪ್ಪು ಡಿ5 ಆಡಿದರೆ ಇ ಕಾಲಾಳಿನಿಂದ ಹೊಡೆದು, ಆಮೇಲೆ ಡಿ4, ಕಪ್ಪು ಹೊಡೆದರೆ ಸಿ ಕಾಲಾಳಿನಿಂದ ಮತ್ತೆ ಹೊಡೆಯುವುದು. ಬೋರ್ಡಿನ ಮೇಲೆ ಆಡಿ ತೋರಿಸಿ, ಡಿ4ರಲ್ಲಿ ಜೊತೆಯಿಲ್ಲದೆ ನಿಂತ ಕಾಲಾಳಿನ ತಲೆಯ ಮೇಲೆ ಬೆರಳಿಟ್ಟು, “ಅಪ್ಪಾ, ಇದು ಅದs ಐತಿ” ಅಂದಳು.